ಮೊದಲು ಅಪ್ಪ-ಅಮ್ಮನಿಗೆ, ಅದೂ ಸ್ಪ್ಯಾನಿಷ್‌ನಲ್ಲಿ

1971ರ ಅಕ್ಟೋಬರ್ 17. ಅಮೆರಿಕದ ಬೇಸ್‌ಬಾಲ್‌ನ ದೊಡ್ಡ ಹಬ್ಬ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ ಬಾಲ್ಟಿಮೋರ್‌ನಲ್ಲಿ ಆಗಷ್ಟೇ ಮುಗಿದಿತ್ತು. ಪಿಟ್ಸ್‌ಬರ್ಗ್ ಪೈರೇಟ್ಸ್ 2-1ರಿಂದ ಗೆದ್ದಿತ್ತು. ಏಳೂ ಪಂದ್ಯಗಳಲ್ಲಿ ಹಿಟ್ ಹೊಡೆದು, ಕೊನೇ ಪಂದ್ಯದಲ್ಲಿ ಹೋಮ್ ರನ್ನನ್ನೂ ಬಾರಿಸಿದ್ದ 37ರ ಹರೆಯದ ರಾಬರ್ಟೊ ಕ್ಲೆಮೆಂಟೆ ಸರಣಿಶ್ರೇಷ್ಠ. ಟಿವಿಯವರು ಮೈಕ್ ಹಿಡಿದರು. ಆತ ಮೊದಲು ಅಪ್ಪ-ಅಮ್ಮನಿಗೆ ಎರಡು ಮಾತು ಹೇಳಿಬಿಡ್ತೀನಿ ಅಂತ ಕೇಳಿಕೊಂಡು, ಸ್ಪ್ಯಾನಿಷ್‌ನಲ್ಲಿ ಶುರು ಮಾಡಿದ. ಬದುಕಿನ ಅತಿದೊಡ್ಡ ದಿನದಂದು ಮಕ್ಕಳಿಗೆ ಆಶೀರ್ವಾದ ಮಾಡಿದ, ಹೆತ್ತವರ ಆಶೀರ್ವಾದ ಬೇಡಿದ. ಅಮೆರಿಕದ ಕೋಟ್ಯಂತರ ವೀಕ್ಷಕರಿಗೆ ಆ ಮಾತು ಅರ್ಥವಾಗಲಿಲ್ಲ. ಅದು ಅವರಿಗೆ ಹೇಳಿದ್ದೂ ಅಲ್ಲ.

ಇದರಲ್ಲಿ ಅಂಥದ್ದೇನಿದೆ ಅನ್ನಿಸಬಹುದು. ಗೆದ್ದವರೆಲ್ಲ ಮನೆಯವರಿಗೂ ಅಭಿಮಾನಿಗಳಿಗೂ ಥ್ಯಾಂಕ್ಸ್ ಹೇಳ್ತಾರೆ. ಆದರೆ ಕ್ಲೆಮೆಂಟೆಯ ಕೃತಜ್ಞತೆಯ ಹಿಂದೆ ಹದಿನೇಳು ವರ್ಷಗಳ ಅವಮಾನವಿತ್ತು.

ಆತ ಹುಟ್ಟಿದ್ದು 1934ರಲ್ಲಿ, ಪೋರ್ಟೊ ರಿಕೊ ದ್ವೀಪದ ಕರೊಲಿನಾದಲ್ಲಿ. ಅಪ್ಪ ಮೆಲ್ಚೋರ್ ಕಬ್ಬಿನ ಗದ್ದೆಯಲ್ಲಿ ಮೇಸ್ತ್ರಿ. ಅಪ್ಪ, ಅಮ್ಮ ಲೂಯಿಸಾ ಇಬ್ಬರೂ ದುಡಿದು ಸಾಕಿದ ದೊಡ್ಡ ಸಂಸಾರದಲ್ಲಿ ಈತನೇ ಕಿರಿಯ. ಪೋರ್ಟೊ ರಿಕೊ ಅಮೆರಿಕದ ಅಧೀನ ಪ್ರದೇಶ. ಅಲ್ಲಿ ವಾಸಿಸುವವರು ಅಮೆರಿಕದ ನಾಗರಿಕರು ಹೌದು, ಆದರೆ ಅಧ್ಯಕ್ಷರ ಚುನಾವಣೆಯಲ್ಲಿ ಅವರಿಗೆ ಇವತ್ತಿಗೂ ವೋಟಿಲ್ಲ.

1955ರಲ್ಲಿ ಪಿಟ್ಸ್‌ಬರ್ಗ್‌ಗೆ ಬಂದಾಗ ಆತನ ಮೇಲೆ ಎರಡು ಹೊರೆ: ಬಣ್ಣ ಕಪ್ಪು, ಭಾಷೆ ಸ್ಪ್ಯಾನಿಷ್. ಫ್ಲಾರಿಡಾದ ತರಬೇತಿ ದಿನಗಳಲ್ಲಿ ಬಿಳಿ ಆಟಗಾರರು ಹೋಟೆಲಿಗೆ ಊಟಕ್ಕೆ ಇಳಿದರೆ ಕಪ್ಪು ಆಟಗಾರರು ಬಸ್ಸಲ್ಲೇ ಕೂತಿರಬೇಕು. ಪತ್ರಕರ್ತರು ಆತನ ಇಂಗ್ಲಿಷನ್ನು ಉಚ್ಚಾರಣೆ ಸಮೇತ, ತಪ್ಪುತಪ್ಪಾಗಿಯೇ ಅಚ್ಚು ಹಾಕುತ್ತಿದ್ದರು. ರಾಬರ್ಟೊ ಅನ್ನುವ ಹೆಸರನ್ನೂ ಬಾಬ್ ಅಂತ ಕತ್ತರಿಸಿದ್ದರು. ನೋವು ಅಂದರೆ ಸೋಮಾರಿ, ಸಿಟ್ಟಾದರೆ ಅಹಂಕಾರಿ. ಇಂಗ್ಲಿಷ್ ತಡವರಿಸಿದವರ ಬುದ್ಧಿಯನ್ನೇ ಅಳೆಯುವ ಇಂಟರ್‌ವ್ಯೂಗಳನ್ನು ನೋಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆತ ಸುಮ್ಮನಿರಲಿಲ್ಲ. ಬಸ್ಸಲ್ಲಿ ಕಾಯೋದು ಬೇಡ, ಕಪ್ಪು ಆಟಗಾರರಿಗೆ ಬೇರೆ ವಾಹನ ಕೊಡಿ ಎಂದು ಪಟ್ಟು ಹಿಡಿದ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದಾಗ, ಅಂತ್ಯಕ್ರಿಯೆ ಮುಗಿಯುವವರೆಗೆ ಆಡುವುದಿಲ್ಲ ಎಂದು ಪೈರೇಟ್ಸ್ ಆಟಗಾರರು ನಿಂತರು. ಮುಂದಾಳುಗಳಲ್ಲಿ ಈತನಿದ್ದ. ಈ ನಡುವೆ ಆಟವೂ ಮಾತಾಡುತ್ತಿತ್ತು: ನಾಲ್ಕು ಸಲ ಲೀಗಿನ ಬ್ಯಾಟಿಂಗ್ ಕಿರೀಟ, ಹನ್ನೆರಡು ಸಲ ಫೀಲ್ಡಿಂಗ್‌ನ ಗೋಲ್ಡ್ ಗ್ಲೌವ್.

ಬರೆಯುವವರು ಆಡಿಕೊಂಡರೂ ನೋಡುವವರು ಕೈಬಿಡಲಿಲ್ಲ. 1970ರ ಜುಲೈ 24ರಂದು ಪಿಟ್ಸ್‌ಬರ್ಗ್‌ನಲ್ಲಿ ಕ್ಲೆಮೆಂಟೆಗಾಗಿಯೇ ಒಂದು ಸಂಜೆ ನಡೆಯಿತು. ಪೋರ್ಟೊ ರಿಕೊದಿಂದ ಬಂದ ಅಭಿನಂದನಾ ಪತ್ರದ ಸುರುಳಿಯಲ್ಲಿ 3 ಲಕ್ಷ ಸಹಿಗಳಿದ್ದವು. ಮೈದಾನದಲ್ಲೇ ಆತನ ಕಣ್ಣು ತುಂಬಿತು. ತನ್ನ ಹೆಸರಲ್ಲಿ ಕೂಡಿದ ಹಣವನ್ನು ಊರಿನ ಮಕ್ಕಳ ಆಸ್ಪತ್ರೆಗೆ ಕೊಡಿಸಿದ. ಪಂದ್ಯಕ್ಕೆ ಹೋದ ಊರುಗಳಲ್ಲಿ ಕಾಯಿಲೆ ಬಿದ್ದ ಮಕ್ಕಳನ್ನು ಹೋಗಿ ನೋಡುವ ರೂಢಿಯೂ ಇತ್ತು. ಹೆಂಡತಿ ವೆರಾ ಮೂರೂ ಗಂಡುಮಕ್ಕಳನ್ನು ಹೆತ್ತದ್ದು ಪೋರ್ಟೊ ರಿಕೊದಲ್ಲೇ. ಅದು ಆತನ ಹಟ.

1972ರ ಸೆಪ್ಟೆಂಬರ್ 30ರಂದು 3000ನೇ ಹಿಟ್ ಬಂತು. ಅದೇ ಕೊನೆಯದು ಅಂತ ಯಾರಿಗೆ ಗೊತ್ತಿತ್ತು? ಡಿಸೆಂಬರ್ 23ರಂದು ನಿಕರಾಗುವಾದ ಮನಾಗುವಾ ಭೂಕಂಪಕ್ಕೆ ಕುಸಿಯಿತು. ಕೆಲವೇ ವಾರಗಳ ಹಿಂದೆ ಆತ ತಂಡವೊಂದರ ಮ್ಯಾನೇಜರ್ ಆಗಿ ಆ ಊರಲ್ಲಿದ್ದ. ಕ್ರಿಸ್ಮಸ್ ಬಿಟ್ಟು ಪರಿಹಾರ ಸಾಮಗ್ರಿ ಕೂಡಿಸಿ ಕಳಿಸಿದ. ಅದನ್ನು ಸರ್ವಾಧಿಕಾರಿ ಸೊಮೊಜಾನ ಸೈನಿಕರು ನುಂಗುತ್ತಿದ್ದಾರೆ ಎಂಬ ಸುದ್ದಿ ಬಂತು. ತಾನೇ ಎದುರಿಗಿದ್ದರೆ ಜನರಿಗೆ ಮುಟ್ಟೀತು ಅಂತ ಡಿಸೆಂಬರ್ 31ರ ರಾತ್ರಿ ವಿಮಾನ ಹತ್ತಿದ. ಸರಿಯಾದ ನಿರ್ವಹಣೆಯಿಲ್ಲದ ಹಳೇ ಡಿಸಿ-7, ಅದರಲ್ಲಿ ಮಿತಿ ಮೀರಿದ ಭಾರ. ಮೇಲೇರಿದ ಸ್ವಲ್ಪ ಹೊತ್ತಿಗೇ ಕಡಲಿಗೆ ಬಿತ್ತು. ಒಳಗಿದ್ದ ಐವರೂ ಸತ್ತರು. ಸಹ ಆಟಗಾರ ಮ್ಯಾನಿ ಸ್ಯಾಂಗಿಯೆನ್ ಕಡಲಿಗಿಳಿದು ಹುಡುಕಿದರೂ ಕ್ಲೆಮೆಂಟೆಯ ದೇಹ ಸಿಗಲೇ ಇಲ್ಲ. ವಯಸ್ಸು 38.

ಐದು ವರ್ಷ ಕಾಯಬೇಕೆಂಬ ನಿಯಮ ಬದಿಗಿಟ್ಟು 1973ರಲ್ಲೇ ಆತನನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಆ ಗೌರವ ಪಡೆದ ಮೊದಲ ಲ್ಯಾಟಿನ್ ಅಮೆರಿಕನ್. ಇವತ್ತು ಸಮಾಜಸೇವೆ ಮಾಡುವ ಆಟಗಾರರಿಗೆ ಲೀಗ್ ಕೊಡುವ ಪ್ರಶಸ್ತಿಗೂ ಆತನದೇ ಹೆಸರು.

ಸ್ಟಾರ್‌ಗಳು ಅಭಿಮಾನಿಗಳನ್ನು ದೇವರು ಅಂತಾರೆ, ಅದೇ ಅಭಿಮಾನಿಗಳಿಗೆ ಕಷ್ಟ ಬಂದಾಗ ಬಾಯಿ ಮುಚ್ಚಿಕೊಳ್ತಾರೆ. ನಮಗಿದು ಎಷ್ಟು ರೂಢಿಯಾಗಿದೆ ಅಂದರೆ ಪ್ರಶ್ನೆ ಕೇಳೋದೂ ಮರೆತಿದ್ದೇವೆ. ಬೆಳೆಸಿದ ಜನರ ಋಣ ತನ್ನ ಮೇಲಿದೆ ಅಂತ ಕ್ಲೆಮೆಂಟೆ ನಿಜವಾಗಿಯೂ ನಂಬಿದ್ದ. ಹಾಗಾಗಿ ಕ್ಯಾಮೆರಾ ಮುಂದೆ ಅವರ ಭಾಷೆಯಲ್ಲೇ ಮಾತಾಡಿದ, ಅವರಂಥವರೇ ಕಷ್ಟದಲ್ಲಿದ್ದಾಗ ಹೊಸ ವರ್ಷದ ಹಿಂದಿನ ರಾತ್ರಿ ಮನೆ ಬಿಟ್ಟು ಹೊರಟ. ಮುಂದಿನ ಸಲ ನಮ್ಮ ಹೀರೋಗಳು ವೇದಿಕೆಯಿಂದ ಧನ್ಯವಾದ ಹೇಳಿದಾಗ ಚಪ್ಪಾಳೆ ಹೊಡೆಯೋಣ. ಆಮೇಲೆ ಅವರು ಏನು ಮಾಡ್ತಾರೆ ಅಂತಾನೂ ನೋಡೋಣ.