ಕೆಸರನ್ನು ಸಾಕ್ಷಿಯಾಗಿಸಿದ ನಾನ್ಸೆನ್

ಫ್ರಿಡ್ಯೋಫ್ ನಾನ್ಸೆನ್ 1861ರಲ್ಲಿ ನಾರ್ವೆಯಲ್ಲಿ ಜನಿಸಿದರು. ಪ್ರಾಣಿಶಾಸ್ತ್ರ ಓದಿ, ಬರ್ಗೆನ್ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡಿದರು. 1888ರಲ್ಲಿ ಐವರು ಸಂಗಡಿಗರೊಂದಿಗೆ ಸ್ಕೀ ಕಟ್ಟಿಕೊಂಡು ಗ್ರೀನ್‌ಲ್ಯಾಂಡಿನ ಹಿಮರಾಶಿಯನ್ನು ದಾಟಿದರು.

ಅದೇ ಪ್ರಯಾಣದಲ್ಲಿ ತೇಲುವ ಮಂಜುಗಡ್ಡೆಯ ಮೇಲಿದ್ದ ಕೆಸರನ್ನು ಅವರು ಸಂಗ್ರಹಿಸಿದ್ದರು. ಸ್ವೀಡನ್ನಿನ ವಿಜ್ಞಾನಿ ಕ್ಲೀವ್ ಅದನ್ನು ಪರೀಕ್ಷಿಸಿದಾಗ ಕಂಡ ಡಯಾಟಂಗಳು, ಅಂದರೆ ಸಿಲಿಕಾ ಕವಚದ ಏಕಕೋಶ ಪಾಚಿಗಳು, ದೂರದ ಬೇರಿಂಗ್ ಜಲಸಂಧಿಯ ಬಳಿ ಸಿಕ್ಕವುಗಳನ್ನೇ ಹೋಲುತ್ತಿದ್ದವು. 1881ರಲ್ಲಿ ಸೈಬೀರಿಯಾದ ಉತ್ತರಕ್ಕೆ ಮುಳುಗಿದ ಜೆನೆಟ್ ಹಡಗಿನ ಅವಶೇಷಗಳೂ 1884ರಲ್ಲಿ ಗ್ರೀನ್‌ಲ್ಯಾಂಡಿನಲ್ಲಿ ಸಿಕ್ಕಿದ್ದವು. ಹಾಗಾದರೆ ಮಂಜುಗಡ್ಡೆ ಸೈಬೀರಿಯಾ ಕಡೆಯಿಂದ ಧ್ರುವ ಸಮುದ್ರವನ್ನು ಹಾದು ಬರುತ್ತದೆ ಎಂದು ನಾನ್ಸೆನ್ ತರ್ಕಿಸಿದರು. ಗ್ರೀಲಿಯಂಥ ಅನುಭವಿ ಅನ್ವೇಷಕರು ಇದನ್ನು ಒಪ್ಪಲಿಲ್ಲ.

1893ರಲ್ಲಿ ಅವರು ಫ್ರಾಮ್ ಹಡಗಿನಲ್ಲಿ ಹೊರಟು, ಬೇಕೆಂದೇ ಅದನ್ನು ಮಂಜುಗಡ್ಡೆಯಲ್ಲಿ ಸಿಲುಕಿಸಿದರು. ತರ್ಕ ತಪ್ಪಾಗಿದ್ದರೆ ಹದಿಮೂರು ಜನರ ಪ್ರಾಣಕ್ಕೇ ಅಪಾಯವಿತ್ತು. ಧ್ರುವ ಸಮುದ್ರ ಆಳವಿಲ್ಲವೆಂದು ನಂಬಿ ಅಳತೆಯ ಹಗ್ಗವನ್ನೂ ಸಾಲದಷ್ಟೇ ಒಯ್ದಿದ್ದರು. ಅಲ್ಲಿ ಆಳ 3,000 ಮೀಟರಿಗೂ ಮೀರಿತ್ತು! ಉಕ್ಕಿನ ಕೇಬಲ್ಲಿನ ಎಳೆ ಬಿಚ್ಚಿ, ಉದ್ದನೆಯ ತಂತಿ ಮಾಡಿಕೊಂಡು ಅಳೆದರು. ತಳದ ಕೆಸರನ್ನೂ ತಂದರು. 1895ರಲ್ಲಿ ನಾನ್ಸೆನ್ ಯೋಹಾನ್ಸೆನ್ ಜೊತೆ ಹಡಗಿಳಿದು ಧ್ರುವದ ಕಡೆ ನಡೆದರೂ ಅಲ್ಲಿಗೆ ತಲುಪಲಾಗಲಿಲ್ಲ. ಆದರೆ 1896ರಲ್ಲಿ ಫ್ರಾಮ್ ಮಂಜುಗಡ್ಡೆಯಿಂದ ಸುರಕ್ಷಿತವಾಗಿ ಹೊರಬಂತು. ಕೆಸರಿನ ಸಾಕ್ಷಿ ನಿಜವಾಗಿತ್ತು. ಮುಂದೆ ನಿರಾಶ್ರಿತರ ಸೇವೆಗಾಗಿ 1922ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಅವರು 1930ರಲ್ಲಿ ನಿಧನರಾದರು.

ಮಂಜುಗಡ್ಡೆ ಕರಗಿದಲ್ಲಿ ಅದು ಹೊತ್ತ ಮರಳು, ಕೆಸರು ತಳಕ್ಕಿಳಿದು ಪದರವಾಗುತ್ತವೆ. 2004ರಲ್ಲಿ ಉತ್ತರ ಧ್ರುವದ ಸಮೀಪದ ಲೊಮೊನೊಸೊವ್ ದಿಬ್ಬದಲ್ಲಿ 400 ಮೀಟರಿಗೂ ಹೆಚ್ಚು ಆಳಕ್ಕೆ ಕೊರೆದು ಇಂಥ ಪದರಗಳನ್ನು ತೆಗೆದರು. ಸಮುದ್ರದ ಮಂಜಿನಲ್ಲಿ ಬೆಳೆಯುವ ಕೆಲವು ಡಯಾಟಂಗಳು ಬಿಟ್ಟುಹೋಗುವ ಐಪಿ25 ಎಂಬ ರಾಸಾಯನಿಕವೂ ಕೆಸರಿನಲ್ಲಿ ಉಳಿದು, ಅಲ್ಲಿ ಋತುಮಾನದ ಮಂಜು ಇತ್ತೆಂದು ತಿಳಿಸುತ್ತದೆ.

ಅಭ್ಯಾಸ ಬೋಧನೆಯಲ್ಲಿ ಈ ಕಥೆ ಹೇಳಿ, ಮರಳು ಬೆರೆಸಿ ಹೆಪ್ಪುಗಟ್ಟಿಸಿದ ಮಂಜುಗಡ್ಡೆಯನ್ನು ಗಾಜಿನ ಜಾಡಿಯ ನೀರಿನಲ್ಲಿ ತೇಲಿಬಿಟ್ಟೆ. ಮರಳು ಉದುರುವುದನ್ನು ಮಕ್ಕಳು ಕಣ್ಣರಳಿಸಿ ನೋಡಿದರು. ಕೆಸರಿನಲ್ಲಿ ಆ ರಾಸಾಯನಿಕ ಸಿಗದಿದ್ದರೆ ಮಂಜೇ ಇರಲಿಲ್ಲವೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ನಾನು ಅವಸರದಲ್ಲಿ ಹೌದೆಂದೆ. ತರಗತಿ ಮುಗಿದ ಮೇಲೆ ಮಾರ್ಗದರ್ಶಕ ಶಿಕ್ಷಕರು ತಿದ್ದಿದರು: ವರ್ಷವಿಡೀ ದಪ್ಪ ಮಂಜು ಮುಚ್ಚಿದ್ದರೂ ಬೆಳಕಿಲ್ಲದೆ ಆ ಡಯಾಟಂ ಬೆಳೆಯದು, ಆದ್ದರಿಂದ ತೆರೆದ ನೀರಿನ ಪಾಚಿಗಳ ಕುರುಹನ್ನೂ ಜೊತೆಗಿಟ್ಟು ನೋಡಬೇಕು.

ಮರುದಿನ ತರಗತಿಯಲ್ಲೇ ನನ್ನ ಉತ್ತರವನ್ನು ತಿದ್ದಿಕೊಂಡೆ. ನಾನ್ಸೆನ್ನರ ಹಗ್ಗವೂ ಮೊದಲು ಗಿಡ್ಡವಾಗಿತ್ತು ಎಂದು ನೆನಪಿಸಿದಾಗ ಮಕ್ಕಳು ನಕ್ಕರು. ಪಾಠ ಅವರಿಗೆ ಅಲ್ಲಿಯೇ ಮನದಟ್ಟಾಯಿತು.