ಷಹಾಜಿಯ ಬೆಂಗಳೂರು

ಬೆಂಗಳೂರಿನಿಂದ ಹೆಬ್ಬಾಳಕ್ಕೆ ಹೋಗುವ ದಾರಿಯಲ್ಲಿ, ಮೇಖ್ರಿ ವೃತ್ತದ ಸಮೀಪ, ಬಂಡೆಯ ಮೇಲೆ ಒಂದು ಸಣ್ಣ ಕಾವಲು ಗೋಪುರವಿದೆ. ಕೆಂಪೇಗೌಡನ ವಂಶದವರು ಊರಿನ ಸುತ್ತ ನಿಲ್ಲಿಸಿದ ನಾಲ್ಕು ಗೋಪುರಗಳಲ್ಲಿ ಇದು ಉತ್ತರದಿಕ್ಕಿನದು. ಅಲ್ಲಿಂದ ಮುಂದೆ ಸಾಗಿದರೆ ಯಲಹಂಕ. ವಿಜಯನಗರದ ಅರಸರಿಗೆ ಅಧೀನರಾಗಿ ಈ ಸೀಮೆಯನ್ನು ಆಳಿದ ಗೌಡರಿಗೆ ಅದೇ ಮೂಲಸ್ಥಾನ; ಯಲಹಂಕ ನಾಡಪ್ರಭುಗಳೆಂಬುದು ಅವರ ಬಿರುದು. 1537ರಲ್ಲಿ ಹಿರಿಯ ಕೆಂಪೇಗೌಡನು ಬೆಂಗಳೂರಿನ ಕೋಟೆಪೇಟೆಗಳನ್ನು ಕಟ್ಟಿಸಿದ ಮೇಲೆ ಅವರ ರಾಜಧಾನಿ ಅಲ್ಲಿಗೆ ಬಂದಿತು. ನೂರೊಂದು ವರ್ಷಗಳ ತರುವಾಯ ಆ ಕೋಟೆಯೂ ಅದರೊಡನೆ ಯಲಹಂಕವೂ ಬೇರೊಬ್ಬನ ಕೈಸೇರಿದುವು. ಆತನೇ ಷಹಾಜಿ ಭೋಸಲೆ.

ಶಿವಾಜಿಯ ತಂದೆಯೆಂದರೆ ಷಹಾಜಿಯ ಗುರುತು ಎಲ್ಲರಿಗೂ ಸಿಕ್ಕುತ್ತದೆ. ಅಷ್ಟಕ್ಕೇ ನಿಲ್ಲಿಸುವುದು ಅವನಿಗೆ ಮಾಡುವ ಅನ್ಯಾಯ. 1594ರಲ್ಲಿ ಹುಟ್ಟಿದ ಅವನು ಅಹಮದ್‌ನಗರದ ನಿಜಾಮಶಾಹಿಯ ಸರದಾರನಾಗಿದ್ದ ಮಾಲೋಜಿಯ ಮಗ. 1624ರ ಭಾತವಡಿ ಯುದ್ಧದಲ್ಲಿ ಮಲಿಕ್ ಅಂಬರನ ಪಕ್ಷದಲ್ಲಿ ಕಾದಿ ಹೆಸರು ಗಳಿಸಿದನು. ಮೊಗಲರು ಆ ರಾಜ್ಯವನ್ನು ನುಂಗತೊಡಗಿದಾಗ, ರಾಜವಂಶದ ಬಾಲಕನೊಬ್ಬನನ್ನು ಸಿಂಹಾಸನದ ಮೇಲೆ ಕೂರಿಸಿ, ಅವನ ಹೆಸರಿನಲ್ಲಿ ತಾನೇ ರಾಜ್ಯಭಾರವನ್ನು ಹೊತ್ತು ಮೂರು ವರ್ಷ ಹೋರಾಡಿದನು. 1636ರಲ್ಲಿ ಷಹಜಹಾನನ ಸೈನ್ಯದ ಮುಂದೆ ಸೋಲನ್ನೊಪ್ಪಬೇಕಾಯಿತು. ನಿಜಾಮಶಾಹಿ ಅಳಿಯಿತು. ಇಂದು ವಿಜಯಪುರವೆನಿಸಿರುವ ಬಿಜಾಪುರದ ಆದಿಲಶಾಹನ ಸೇವೆಯನ್ನು ಷಹಾಜಿ ಕೈಗೊಂಡನು. ಮೊಗಲರ ಗಡಿಯಲ್ಲಿ ಇಂಥವನಿರುವುದು ಕ್ಷೇಮವಲ್ಲವೆಂದು ಅವನನ್ನು ದಕ್ಷಿಣದ ದಂಡಯಾತ್ರೆಗೆ ಕಳುಹಿಸಲಾಯಿತು. ಹೀಗೆ ತನ್ನ ನೆಲವನ್ನು ಕಳೆದುಕೊಂಡವನೊಬ್ಬನು ಇನ್ನೊಬ್ಬರ ನೆಲವನ್ನು ಗೆಲ್ಲಲು ಹೊರಟನು.

ದಂಡಿನ ನಾಯಕ ರಣದುಲ್ಲಾ ಖಾನ್. ಷಹಾಜಿ ಅವನ ಬಲಗೈ. ಮೊದಲು ಕೆಳದಿಯ ನಾಯಕರು ಮಣಿದರು. 1638ರಲ್ಲಿ ಬೆಂಗಳೂರಿನ ಕೋಟೆ ಬಿದ್ದಿತು. ಆದರೆ ಗೆದ್ದವರು ಕೆಂಪೇಗೌಡನ ವಂಶವನ್ನು ನಿರ್ಮೂಲ ಮಾಡಲಿಲ್ಲ. ಗೌಡನು ಕಪ್ಪ ಕೊಡಲೊಪ್ಪಿ ಮಾಗಡಿಗೆ ಸರಿದನು. ಅಲ್ಲಿ ಆ ಮನೆತನ ಇನ್ನೂ ತೊಂಬತ್ತು ವರ್ಷ ಆಳಿತು. ಯಲಹಂಕ ಕೈಬಿಟ್ಟಿದ್ದರೂ ಯಲಹಂಕ ನಾಡಪ್ರಭುಗಳೆಂಬ ಬಿರುದನ್ನು ಬಿಡಲಿಲ್ಲ. ಸೋತ ಪಾಳೆಯಗಾರರನ್ನು ಕಿತ್ತೆಸೆಯದೆ, ಕಪ್ಪಕ್ಕೆ ಒಪ್ಪಿಸಿ ಅವರವರ ಸ್ಥಾನದಲ್ಲಿ ಉಳಿಸುವುದು ಷಹಾಜಿಯ ನೀತಿಯಾಗಿತ್ತು. ಸೋಲಿನ ರುಚಿಯನ್ನು ತಾನೂ ಕಂಡಿದ್ದುದರಿಂದ ಅವನಿಗೆ ಈ ವಿವೇಕ ಬಂದಿರಬೇಕು.

ಗೆದ್ದವರೆಲ್ಲರೂ ಹೀಗೆ ನಡೆದುಕೊಳ್ಳುವುದಿಲ್ಲ. 1066ರಲ್ಲಿ ನಾರ್ಮಂಡಿಯ ವಿಲಿಯಮನು ಇಂಗ್ಲೆಂಡನ್ನು ಗೆದ್ದಾಗ, ಅಲ್ಲಿನ ಆಂಗ್ಲೋಸ್ಯಾಕ್ಸನ್ ಒಡೆಯರ ಭೂಮಿಯನ್ನು ಬಹುಮಟ್ಟಿಗೆ ಕಸಿದು ತನ್ನವರಿಗೆ ಹಂಚಿದನು. ಇಪ್ಪತ್ತು ವರ್ಷಗಳ ಮೇಲೆ ಅವನು ಮಾಡಿಸಿದ ದೊಡ್ಡ ಭೂದಾಖಲೆಯಲ್ಲಿ, ಅರಸನಿಂದ ನೇರವಾಗಿ ಭೂಮಿ ಪಡೆದ ದೊಡ್ಡ ಒಡೆಯರ ಪೈಕಿ ಹಳೆಯ ಮನೆತನದವರು ಬೆರಳೆಣಿಕೆಯಷ್ಟು ಮಂದಿ ಮಾತ್ರ. ಅರಮನೆಯ ಮಾತೂ ಫ್ರೆಂಚ್ ಆಯಿತು. ಬೆಂಗಳೂರು ಸೀಮೆಯಲ್ಲಿ ನೆಲದ ಒಡೆತನ ಅಷ್ಟರಮಟ್ಟಿಗೆ ಬುಡಮೇಲಾಗಲಿಲ್ಲ. ಬದಲಾದುದು ಮುಖ್ಯವಾಗಿ ಲೆಕ್ಕದ ಪುಸ್ತಕ.

ಬೆಂಗಳೂರು, ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರ, ಶಿರಾ ಮೊದಲಾದ ಪ್ರದೇಶಗಳು ಷಹಾಜಿಗೆ ಜಹಗೀರಾಗಿ ಬಂದುವು. ನಾಡು, ಸೀಮೆ, ಸ್ಥಳ ಎಂಬ ಹಳೆಯ ವಿಭಾಗಗಳ ಜಾಗದಲ್ಲಿ ಪರಗಣೆ, ಸಮ್ಮತ್ತು, ತರಫು, ಮೌಜೆ, ಮಜರೆ ಎಂಬ ಹೊಸ ಹೆಸರುಗಳು ಬಳಕೆಗೆ ಬಂದುವು. ಊರ ಗೌಡರೊಡನೆ ಕಂದಾಯವನ್ನು ತೀರ್ಮಾನಿಸಲು ದೇಶಮುಖರು, ಶಾನುಭೋಗರ ಲೆಕ್ಕವನ್ನು ಪರೀಕ್ಷಿಸಲು ದೇಶಪಾಂಡೆಯರು ನೇಮಕವಾದರು. ಇವರಲ್ಲಿ ಅನೇಕರು ಮರಾಠಿಗರು. ಅದುವರೆಗೆ ಕನ್ನಡದಲ್ಲಿದ್ದ ಕಂದಾಯದ ಕಡತಗಳಲ್ಲಿ ಮರಾಠಿ ಸೇರಿಕೊಂಡಿತು; ಮುಂದೆ ಮೊಗಲರು ಬಂದಾಗ ಪಾರಸಿಯೂ ಸೇರಿತು. ತಲೆತಲಾಂತರದಿಂದ ಕನ್ನಡದಲ್ಲಿ ಲೆಕ್ಕ ಬರೆದ ಶಾನುಭೋಗನು ಈಗ ಅದನ್ನು ಬೇರೆ ನುಡಿಯ ಅಧಿಕಾರಿಗೆ ಒಪ್ಪಿಸಬೇಕಾಯಿತು. ಇದು ಸಣ್ಣ ಸಂಗತಿಯಲ್ಲ. ತನ್ನ ಹೊಲದ ಲೆಕ್ಕವನ್ನು ತಾನು ಓದಲಾಗದ ರೈತನು ಓದಬಲ್ಲವನ ಮಾತನ್ನು ನಂಬಲೇಬೇಕಾಗುತ್ತದೆ.

ಆದರೂ ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ ಎಂಬ ಗ್ರಾಮದ ಕಟ್ಟು ಮುರಿಯಲಿಲ್ಲ. ಕೆರೆಯ ತೂಬನ್ನು ಎತ್ತುವವನು ಹಿಂದಿನ ನೀರುಗಂಟಿಯೇ. ಪೇಟೆಯಲ್ಲಿ ಮರಾಠಿ ಮಾತನಾಡುವ ಕುಟುಂಬಗಳು ನೆಲೆಸಿದುವು. ಕ್ರಮೇಣ ಅವರ ಮನೆಯ ಮಾತಿನೊಳಗೆ ಕನ್ನಡವೂ, ಊರ ಕನ್ನಡದೊಳಗೆ ಅವರ ಪದಗಳೂ ಬೆರೆತುವು. ಷಹಾಜಿಯ ಆಸ್ಥಾನವೂ ಹಾಗೆಯೇ ಇದ್ದಿತು. ಅವನ ಆಶ್ರಯ ಪಡೆದ ಜಯರಾಮ ಪಿಂಡ್ಯೆ ಎಂಬ ಕವಿ ಹನ್ನೆರಡು ಭಾಷೆಗಳನ್ನು ಬಲ್ಲವನೆಂದು ಪ್ರಸಿದ್ಧ. ರಾಧಾಮಾಧವವಿಲಾಸ ಚಂಪೂ ಎಂಬ ಅವನ ಸಂಸ್ಕೃತ ಕಾವ್ಯದಲ್ಲಿ ದೇಶಭಾಷೆಗಳಿಗೂ ಸ್ಥಾನವಿದೆ.

ಷಹಾಜಿಯ ಸಂಸಾರ ಎರಡು ಕಡೆ ಹಂಚಿಹೋಗಿತ್ತು. ಜೀಜಾಬಾಯಿಯೂ ಶಿವಾಜಿಯೂ ಪುಣೆಯಲ್ಲಿದ್ದರು. ಬಾಲಕ ಶಿವಾಜಿಯು ತಾಯಿಯೊಡನೆ ಬೆಂಗಳೂರಿಗೆ ಬಂದು, ಕೆಲಕಾಲವಿದ್ದು ಹಿಂದಿರುಗಿದನು. ಹಿರಿಯ ಮಗ ಸಂಭಾಜಿಯೂ, ತುಕಾಬಾಯಿಯ ಮಗ ಏಕೋಜಿಯೂ ತಂದೆಯ ಬಳಿ ಉಳಿದರು. ಮುಂದೆ ಶಿವಾಜಿಯು ಆದಿಲಶಾಹನ ಕೋಟೆಗಳನ್ನು ಒಂದೊಂದಾಗಿ ಹಿಡಿಯತೊಡಗಿದಾಗ ಅನುಮಾನ ತಂದೆಯ ಮೇಲೆ ತಿರುಗಿತು. 1648ರಲ್ಲಿ ಜಿಂಜಿಯ ಮುತ್ತಿಗೆಯ ಸಮಯದಲ್ಲಿ ಷಹಾಜಿಯನ್ನು ಶಿಬಿರದಲ್ಲಿಯೇ ಸೆರೆಹಿಡಿದು ಬಿಜಾಪುರಕ್ಕೆ ಒಯ್ದರು. ಹತ್ತು ವರ್ಷ ತನ್ನದೆಂದು ಆಳಿದ ಸೀಮೆ ನಿಜವಾಗಿ ಯಾರದೆಂಬುದು ಆಗ ಸ್ಪಷ್ಟವಾಯಿತು. ತಂದೆಯ ಬಿಡುಗಡೆಗಾಗಿ ಶಿವಾಜಿಯು ಕೊಂಡಾಣ ಕೋಟೆಯನ್ನೂ, ಸಂಭಾಜಿಯು ಬೆಂಗಳೂರನ್ನೂ ಬಿಟ್ಟುಕೊಡಬೇಕಾಯಿತು. 1649ರಲ್ಲಿ ಅವನು ಬಿಡುಗಡೆ ಹೊಂದಿದ ಮೇಲೆ ಬೆಂಗಳೂರು ಮರಳಿ ಅವನ ಕೈಗೆ ಬಂದಿತು. ಸಂಭಾಜಿಯು ಮುಂದೆ ಕನಕಗಿರಿಯ ಕಾಳಗದಲ್ಲಿ ಮಡಿದನು.

1664ರ ಜನವರಿಯಲ್ಲಿ, ಇಂದಿನ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯ ಬಳಿ ಷಹಾಜಿ ಬೇಟೆಗೆ ಹೊರಟಿದ್ದನು. ಓಡುತ್ತಿದ್ದ ಕುದುರೆಯ ಕಾಲಿಗೆ ಬಳ್ಳಿ ತೊಡರಿತು. ಕೆಳಗೆ ಬಿದ್ದ ಸವಾರ ಮೇಲೇಳಲಿಲ್ಲ. ಅವನಿಗೆ ಆಗ ಎಪ್ಪತ್ತರ ಹತ್ತಿರ ವಯಸ್ಸು. ಎಷ್ಟೋ ಯುದ್ಧಗಳನ್ನು ದಾಟಿ ಬಂದವನಿಗೆ ಒಂದು ಕಾಡುಬಳ್ಳಿ ಮೃತ್ಯುವಾಯಿತು. ಅವನ ಸಮಾಧಿ ಹೊದಿಗೆರೆಯಲ್ಲಿಯೇ ಇದೆ.

ಬೆಂಗಳೂರು ಏಕೋಜಿಗೆ ಬಂದಿತು. ಅವನು ತಂಜಾವೂರಿನ ಅರಸನಾದ ಮೇಲೆ ದೂರದ ಈ ಊರನ್ನು ಕಾಪಾಡುವುದು ಕಷ್ಟವೆಂದು ಕಂಡು, ಮೈಸೂರಿನ ಚಿಕ್ಕದೇವರಾಜ ಒಡೆಯನಿಗೆ ಮೂರು ಲಕ್ಷ ರೂಪಾಯಿಗೆ ಮಾರಲು ಮಾತನಾಡಿದನು. ವ್ಯವಹಾರ ಮುಗಿಯುವ ಮುನ್ನವೇ, 1687ರಲ್ಲಿ, ಮೊಗಲರ ಸರದಾರ ಕಾಸಿಂ ಖಾನ್ ಕೋಟೆಯನ್ನು ಹಿಡಿದನು. ಅದೇ ಬೆಲೆಗೆ ಅದನ್ನು ಒಡೆಯನಿಗೆ ಒಪ್ಪಿಸಿದನು. ಭೋಸಲೆಯವರ ನಲವತ್ತೊಂಬತ್ತು ವರ್ಷಗಳ ಆಳ್ವಿಕೆ ಮುಗಿಯಿತು. ದೇಶಪಾಂಡೆಯರ ಲೆಕ್ಕಪತ್ರಗಳು ಹೊಸ ಒಡೆಯನ ಕಚೇರಿಗೆ ಹೋದುವು.