ಬಯಲಿನ ಬಾಗಿಲು ತೆರೆಸಿದ ಅನಿ ಬೆಸೆಂಟ್



ದೊಡ್ಡಬಳ್ಳಾಪುರದಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನ ಕರ್ನಾಟಕ ರಾಜ್ಯ ತರಬೇತಿ ಕೇಂದ್ರವಿದೆ. ಅದಕ್ಕೆ ಅನಿ ಬೆಸೆಂಟ್ ಪಾರ್ಕ್ ಎಂದು ಹೆಸರು. ಹೋಂ ರೂಲ್ ಚಳವಳಿಯ ಬೆಸೆಂಟರನ್ನು ನಾವೆಲ್ಲ ಶಾಲೆಯ ಪುಸ್ತಕದಲ್ಲಿ ಓದಿದ್ದೇವೆ. ಮಕ್ಕಳ ಶಿಬಿರಕ್ಕೂ ಅವರಿಗೂ ಏನು ಸಂಬಂಧ ಎಂದು ನಮ್ಮಲ್ಲಿ ಹಲವರು ಕೇಳಿದ್ದಿದೆ.

ಅವರು ಹುಟ್ಟಿದ್ದು ಲಂಡನ್ನಿನಲ್ಲಿ, 1847ರ ಅಕ್ಟೋಬರ್ 1ರಂದು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. 1867ರಲ್ಲಿ ಪಾದ್ರಿಯೊಬ್ಬರ ಜೊತೆ ಮದುವೆಯಾಯಿತು, ಆರು ವರ್ಷಕ್ಕೆ ಮುರಿಯಿತು. ಸಂತಾನ ನಿಯಂತ್ರಣದ ಒಂದು ಪುಸ್ತಿಕೆ ಅಚ್ಚು ಹಾಕಿಸಿದ್ದಕ್ಕೆ 1877ರಲ್ಲಿ ಮೊಕದ್ದಮೆ ನಡೆಯಿತು. ಮರುವರ್ಷ ನ್ಯಾಯಾಲಯವು ಮಗಳನ್ನು ಸಾಕಲು ಈ ತಾಯಿ ಯೋಗ್ಯಳಲ್ಲವೆಂದು ತೀರ್ಮಾನಿಸಿ ಮಗುವನ್ನು ತಂದೆಗೆ ಒಪ್ಪಿಸಿತು. ಮುಂದೆ ಊರವರ ಹೆಣ್ಣುಮಕ್ಕಳಿಗಾಗಿ ಅವರು ಮಾಡಿದ್ದನ್ನೆಲ್ಲ ಓದುವಾಗ ನನಗೆ ಈ ಸಂಗತಿ ಮನಸ್ಸಿನಿಂದ ಹೋಗುವುದಿಲ್ಲ.

1888ರಲ್ಲಿ ಲಂಡನ್ನಿನ ಬೆಂಕಿಕಡ್ಡಿ ಕಾರ್ಖಾನೆಯ ಹುಡುಗಿಯರು ಮುಷ್ಕರ ಹೂಡಿದರು. ಬಿಳಿ ರಂಜಕದಿಂದ ಅಲ್ಲಿ ಕೆಲಸಗಾರರ ದವಡೆಯೇ ಕೊಳೆಯುತ್ತಿತ್ತು. ಅದನ್ನು ಪತ್ರಿಕೆಯಲ್ಲಿ ಬರೆದು, ಜೊತೆ ನಿಂತು ಗೆಲ್ಲಿಸಿದವರಲ್ಲಿ ಬೆಸೆಂಟರು ಮುಖ್ಯರು.

1893ರಲ್ಲಿ ಭಾರತಕ್ಕೆ ಬಂದರು. 1898ರಲ್ಲಿ ಕಾಶಿಯಲ್ಲಿ ಸೆಂಟ್ರಲ್ ಹಿಂದೂ ಕಾಲೇಜು, 1904ರಲ್ಲಿ ಅಲ್ಲೇ ಹೆಣ್ಣುಮಕ್ಕಳ ಶಾಲೆ. ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿನ ಹಿಂದೆಯೂ, ಮಂಗಳೂರಿನ ಬೆಸೆಂಟ್ ಬಾಲಿಕಾ ಶಾಲೆಯ ಹಿಂದೆಯೂ ಅವರ ಪ್ರೇರಣೆಯೇ.

ಈಗ ಸ್ಕೌಟಿನ ವಿಷಯ. ಭಾರತದ ಮೊದಲ ಸ್ಕೌಟ್ ದಳ ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿ, 1909ರಲ್ಲಿ. 1911ರಲ್ಲಿ ಜಬಲ್‌ಪುರದಲ್ಲಿ ಮೊದಲ ಗೈಡ್ ಕಂಪನಿ. ಆದರೆ ಇವೆಲ್ಲ ಯುರೋಪಿಯನ್ನರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ. ನಮ್ಮ ಹುಡುಗರಿಗೆ ಕಾಡುಮೇಡು ಸುತ್ತುವುದು, ಜಾಡು ಹಿಡಿಯುವುದು ಕಲಿಸಿದರೆ ನಾಳೆ ಸರ್ಕಾರಕ್ಕೇ ತಿರುಗಿ ಬಿದ್ದಾರೆಂಬ ಭಯ ಅಧಿಕಾರಿಗಳಿಗಿತ್ತು! ಬೆಸೆಂಟರು ಅದಕ್ಕೆ ಕಾಯಲಿಲ್ಲ. 1917ರಲ್ಲಿ ಮದ್ರಾಸಿನಲ್ಲಿ ಭಾರತೀಯ ಮಕ್ಕಳಿಗೇ ಬೇರೆ ಸ್ಕೌಟ್ ಸಂಸ್ಥೆ ಕಟ್ಟಿದರು. ಟೊಪ್ಪಿಗೆಯ ಬದಲು ಮುಂಡಾಸು, ನಮ್ಮದೇ ಹಾಡುಗಳು. ಅದೇ ವರ್ಷ ಅವರನ್ನು ಊಟಿಯಲ್ಲಿ ನಿರ್ಬಂಧದಲ್ಲಿಟ್ಟದ್ದು, ಅದೇ ವರ್ಷಾಂತ್ಯಕ್ಕೆ ಅವರು ಕಾಂಗ್ರೆಸ್ ಅಧ್ಯಕ್ಷೆಯಾದದ್ದು. ಆಗ ಅವರಿಗೆ 70 ವರ್ಷ.

1921ರಲ್ಲಿ ಬೇಡನ್ ಪೊವೆಲರು ಭಾರತಕ್ಕೆ ಬಂದಾಗ ಆ ಸಂಸ್ಥೆ ಮುಖ್ಯ ಸಂಸ್ಥೆಯಲ್ಲಿ ಸೇರಿತು. 1932ರಲ್ಲಿ ಸ್ಕೌಟ್‌ನ ದೊಡ್ಡ ಗೌರವವಾದ ಬೆಳ್ಳಿ ತೋಳದ ಪದಕ ಅವರಿಗೆ ಬಂತು. 1933ರ ಸೆಪ್ಟೆಂಬರ್ 20ರಂದು ಅಡ್ಯಾರಿನಲ್ಲಿ ತೀರಿಕೊಂಡರು. 1950ರಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು, ಮರುವರ್ಷ ಗೈಡ್ಸ್ ಸಂಸ್ಥೆಯೂ ಅದರಲ್ಲಿ ಕೂಡಿತು.

ಬೆಸೆಂಟರು ವನ್ಯಜೀವಿಗಳ ಪಾಠ ಹೇಳಿದವರಲ್ಲ, ಅದನ್ನು ಅವರ ತಲೆಗೆ ಕಟ್ಟುವುದು ಬೇಡ. ಅವರು ತೆರೆಸಿದ್ದು ಬಾಗಿಲು. ಪ್ರಾಣಿಗಳಿಗೆ ಗೆಳೆಯರಾಗಿರಬೇಕು, ನಿಸರ್ಗವನ್ನು ಪ್ರೀತಿಸಬೇಕು ಎಂಬುದು ಗೈಡ್ಸ್ ನಿಯಮಗಳಲ್ಲೇ ಸೇರಿದೆ. ಚಿಕ್ಕ ಹುಡುಗಿಯರು ಬುಲ್‌ಬುಲ್, ಹತ್ತು ದಾಟಿದವರು ಗೈಡ್. ಡೇರೆ ಹೂಡುವುದು, ಗಿಡ, ಹಕ್ಕಿ, ಹೆಜ್ಜೆ ಗುರುತು ತಿಳಿಯುವುದು ಅವರ ಕಲಿಕೆ.

ನಮ್ಮ ಜೂರಾಲದ ಹಿನ್ನೀರಿನಲ್ಲಿ ಮೊಸಳೆಗಳಿವೆ, ನೀರುಹಕ್ಕಿಗಳಿವೆ. ಮಕ್ತಲ್, ಕೃಷ್ಣಾ, ಗದ್ವಾಲ ಕಡೆಯ ನಮ್ಮ ಹುಡುಗರು ದಂಡೆಗೆ ಹೋಗಿ ನೋಡಿ ಬರುತ್ತಾರೆ. ಹುಡುಗಿಯರು ಬಿಂದಿಗೆ, ಬಟ್ಟೆ ಹಿಡಿದರೆ ಮಾತ್ರ ಹೊಳೆಗೆ. ಹೆಣ್ಣುಮಗಳನ್ನು ಶಿಬಿರಕ್ಕೆ ಹೆಂಗ ಕಳಸೋದ್ರೀ ಎಂದು ತಾಯಂದಿರು ಅನ್ನುತ್ತಾರೆ. ಆ ಅಂಜಿಕೆ ಸುಳ್ಳಲ್ಲ. ಅದಕ್ಕೇ ಗೈಡ್ ಕಂಪನಿಗೆ ತರಬೇತಾದ ಮಹಿಳಾ ಕ್ಯಾಪ್ಟನ್ ಇರುತ್ತಾರೆ. ಗಡಿಯ ಕನ್ನಡ ಶಾಲೆಗಳ ಶಿಕ್ಷಕಿಯರಲ್ಲಿ ಯಾರಾದರೂ ಈ ತರಬೇತಿಗೆ ಹೋಗಲು ಒಪ್ಪಿದರೆ ಸಂಘಕ್ಕೆ ತಿಳಿಸಿರಿ. ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡುವ ಕೆಲಸ, ಪತ್ರ ಬರೆಯುವ ಕೆಲಸ ನನ್ನದು.

ಕಾರ್ಯದರ್ಶಿ